ಕಪ್ಪು ಬಟ್ಟೆಯ ಮೇಲೆ ಫಾಲಿಹ್‌ನ ಹೆಸರು

ಸಿನಿಮಾದಲ್ಲಿ ಸತ್ತವನಿಗೆ ಒಂದು ಹೆಸರು ಬೇಕಾಗಿತ್ತು. ಕೊಡಲು ಯಾರೂ ಮುಂದೆ ಬರಲಿಲ್ಲ.

ಕಾಝಿಮಿಯಾದ ಆ ಓಣಿಯಲ್ಲಿ ಶಾಮಿಯಾನ ಎದ್ದಾಗಿತ್ತು. ಕುರ್ಚಿಗಳು ಎದುರುಬದುರಾಗಿ ಸಾಲುಗಟ್ಟಿದ್ದವು. ಕಹಿ ಕಾಫಿಯ ಹಿತ್ತಾಳೆ ಹೂಜಿ ಬಂದಿತ್ತು, ಸಿಗರೇಟು ಹರಡಿಡುವ ತಟ್ಟೆಯೂ ಬಂದಿತ್ತು. ಗೋಡೆಗೆ ಕಟ್ಟಬೇಕಾದ ಕಪ್ಪು ಬಟ್ಟೆಯೊಂದು ಮಾತ್ರ ಬರಿದಾಗಿ ನೆಲದ ಮೇಲೆ ಬಿದ್ದಿತ್ತು. ಬಾಗ್ದಾದಿನಲ್ಲಿ ಯಾರಾದರೂ ಸತ್ತರೆ ಮೊದಲು ಏಳುವುದು ಆ ಬಟ್ಟೆ. ಸತ್ತವನ ಹೆಸರು, ಮನೆತನ, ಮೂರು ದಿನದ ಶೋಕದ ಕೂಟವಾದ ಫಾತಿಹಾ ಯಾವ ಮನೆಯಲ್ಲಿ ಎಂಬುದನ್ನೆಲ್ಲ ಹಳದಿ ಬಿಳಿ ಬಣ್ಣದಲ್ಲಿ ಬರೆದು ಓಣಿಯ ಬಾಯಿಗೆ ಕಟ್ಟುತ್ತಾರೆ. ಓದಿದವರು ಬಂದು ಕೂರುತ್ತಾರೆ, ಪ್ರಾರ್ಥನೆ ಹೇಳುತ್ತಾರೆ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಗುರುತು ಪರಿಚಯ ಇರಲೇಬೇಕೆಂದಿಲ್ಲ.

ಸೆಟ್ಟು ಹಾಕುವ ಕರ್ರಾರ್ ಕುಂಚ ಹಿಡಿದು ಬಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. "ಏಯ್ ಸೈಫ್, ನಿನ್ನ ಹೆಸರು ಬರೀಲೇನೋ?"

ಧ್ವನಿ ಮುದ್ರಿಸುವ ಸೈಫ್ ತಂತಿ ಸುತ್ತುತ್ತಿದ್ದವನು ತಲೆ ಎತ್ತಿದ. "ನಿನ್ನ ನಾಲಿಗೆ ಸುಡ! ನನ್ನ ಹೆಂಡತಿ ಬಸುರಿ."

"ಹಾಗಾದ್ರೆ ಬಾಯಿಗೆ ಬಂದ ಯಾವ್ದೋ ಒಂದು ಹೆಸರು ಬರೀತೀನಿ."

"ಬರಿ, ಬರಿ. ಆ ಹೆಸರಿನವನು ಪಕ್ಕದ ಮನೇಲೇ ಇರ್ತಾನೆ. ಅವನ ಹೆಂಡತಿ ಬಂದು ಚಪ್ಪಲೀಲಿ ಬಾರಿಸ್ತಾಳೆ. ಹೋದ ಚಿತ್ರದಲ್ಲಿ ತಿಂದಿದ್ದು ಸಾಲ್ದಾ?"

ನಿರ್ದೇಶಕಿ ರುಸುಲ್ ಅಷ್ಟರಲ್ಲಿ ಒಳಗಿನಿಂದ ಬಂದಳು. ಮೂವತ್ತು ದಾಟಿದ ಸಣಕಲು ಹುಡುಗಿ, ಮಾತು ಚುರುಕು. "ಇನ್ನೂ ಬಟ್ಟೆ ಬಿದ್ದಿದೆಯಲ್ಲ! ನಾಳೆ ಬೆಳಿಗ್ಗೆ ಕ್ಯಾಮೆರಾ ತಿರುಗಬೇಕು. ಓಣಿ ಹೆಸರು, ಮನೆ ಗುರುತು ಎಲ್ಲಾ ನಿಜವಾದದ್ದೇ ಬರಿ. ಸುಳ್ಳು ಕಂಡ್ರೆ ನನಗಾಗಲ್ಲ."

"ಹೆಸರು ಯಾರದು?"

"ನನ್ನದು ಬರಿ," ಎಂದ ಫಾಲಿಹ್.

ಎಲ್ಲರೂ ತಿರುಗಿ ನೋಡಿದರು. ಶಾಮಿಯಾನದ ಬಾಗಿಲಲ್ಲಿ ನಿಂತು ಬಂದವರ ಸಾಂತ್ವನ ಪಡೆಯುವ, ಸತ್ತವನ ಅಣ್ಣನ ಪಾತ್ರ ಅವನದು. ಅರವತ್ತರ ಮೇಲಿನ ಒಣ ಮೈ, ಬಿಳಿ ಮೀಸೆ.

"ಅಬೂ ಗಾಯಿಬ್, ನಿಮ್ಮ ಫಾತಿಹಾಕ್ಕೆ ನೀವೇ ಬಾಗಿಲು ಕಾಯ್ತೀರಾ?" ಎಂದು ಸೈಫ್ ನಕ್ಕ.

"ಬೇರೆ ಯಾರಪ್ಪ ಕಾಯ್ತಾರೆ? ಬರಿಯೋ ಕರ್ರಾರ್. ನನ್ನ ಹೆಸರು ನೋಡಿ ಅಳೋಕೆ ಯಾರೂ ಬರಲ್ಲ. ನಿಮ್ಮ ಕೆಲಸ ಸಲೀಸು."

ಮಕ್ಕಳಿಲ್ಲದ ಗಂಡಸನ್ನು ಆ ಊರಿನಲ್ಲಿ ಬರೀ ಹೆಸರಿನಿಂದ ಕರೆಯುವುದು ಅಗೌರವ. ಹುಟ್ಟದ ಮಗನ ಅಪ್ಪನೆಂದು ಅಬೂ ಗಾಯಿಬ್ ಎನ್ನುತ್ತಾರೆ. ಫಾಲಿಹ್‌ಗೆ ಹೆಂಡತಿಯೂ ಇರಲಿಲ್ಲ. ಕರ್ರಾದಾ ಬಡಾವಣೆಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಒಲೆ, ಗೋಡೆಯ ಮೇಲೆ ಹಳೆಯ ನಾಟಕಗಳ ನಾಲ್ಕು ಫೋಟೊ. ಯೌವನದಲ್ಲಿ ಎರಡು ಸಿನಿಮಾದಲ್ಲಿ ನಟಿಸಿದ್ದ. ಆಮೇಲೆ ಯುದ್ಧ ಬಂತು, ದಿಗ್ಬಂಧನ ಬಂತು, ದೇಶಕ್ಕೆ ಫಿಲ್ಮು ಬರುವುದೇ ನಿಂತಿತು. ಚಿತ್ರಮಂದಿರಗಳು ಸಾಮಾನು ತುಂಬುವ ಗೋದಾಮುಗಳಾದವು. ಹೊಟ್ಟೆಪಾಡಿಗೆಂದು ಡಮಾಸ್ಕಸ್‌ಗೆ ಹೋಗಿ ಟಿವಿ ಧಾರಾವಾಹಿಗಳಲ್ಲಿ ಹಕೀಮ, ಪೊಲೀಸು, ಮಾವ, ಹೀಗೆ ಸಿಕ್ಕಿದ ವೇಷ ಹಾಕಿದ. ಈಗ ರುಸುಲ್‌ಳಂಥ ಹುಡುಗಿಯರು ಅಂಗೈಯಗಲದ ಕ್ಯಾಮೆರಾ ಹಿಡಿದು ಏನೂ ಇಲ್ಲದ ಕಡೆ ಸಿನಿಮಾ ಎಬ್ಬಿಸುತ್ತೇವೆಂದು ಹೊರಟಿದ್ದರು. ಅವರ ಜೊತೆಗಿದ್ದರೆ ದಿನಕ್ಕೆ ನಾಲ್ಕು ಜನ ತನ್ನನ್ನು ಕರೆದು ಮಾತಾಡಿಸುತ್ತಾರೆ ಎಂಬುದಕ್ಕೇ ಫಾಲಿಹ್ ಬರುತ್ತಿದ್ದ.

ಹೆಸರು ಕೊಟ್ಟದ್ದಕ್ಕೆ ಅವನು ಹೇಳಿದ ಕಾರಣ ಸುಳ್ಳು. ಆ ಓಣಿಗೆ ಎರಡು ಬೀದಿ ಆಚೆ ಅವನ ತಂಗಿ ಸಬ್ರಿಯ್ಯಾಳ ಮನೆ. ತರಕಾರಿಗೆ ಹೋಗುವ ಹೆಂಗಸರೆಲ್ಲ ಈ ಓಣಿಯ ಬಾಯಿ ದಾಟಿಯೇ ಹೋಗಬೇಕು. ತಾಯಿ ತೀರಿಕೊಂಡಾಗ ಫಾಲಿಹ್ ಡಮಾಸ್ಕಸ್‌ನಲ್ಲಿದ್ದ. ಸುದ್ದಿ ಸಮಯಕ್ಕೆ ಸರಿಯಾಗಿಯೇ ಬಂದಿತ್ತು. ಕೆಲಸ ಕೈಬಿಟ್ಟು ಹೋಗುತ್ತದೆಂದು ಉಳಿದ. ಬರುವ ಹೊತ್ತಿಗೆ ಶಾಮಿಯಾನ ಮಡಿಸಿದ್ದರು. ಒಬ್ಬನೇ ಗಂಡುಮಗ ಇದ್ದೂ ಆ ತಾಯಿಯ ಫಾತಿಹಾದ ಬಾಗಿಲಲ್ಲಿ ಅಳಿಯನ ಕಡೆಯವರು ನಿಂತು ಸಾಂತ್ವನ ಪಡೆದರು. ಬೀಗರ ಎದುರು ಅಂದು ತಗ್ಗಿದ ತಲೆಯನ್ನು ಸಬ್ರಿಯ್ಯಾ ಮತ್ತೆ ಅಣ್ಣನ ಕಡೆ ಎತ್ತಲಿಲ್ಲ. ಹಬ್ಬಕ್ಕೆ ಕಳಿಸಿದ ಸಿಹಿಯ ಪೆಟ್ಟಿಗೆ ದಾರ ಬಿಚ್ಚದೆ ವಾಪಸಾಗುತ್ತಿತ್ತು. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುತ್ತಿತ್ತು.

ಬದುಕಿರುವವನ ಫೋನು ಎತ್ತದವಳು ಸತ್ತವನ ಮನೆಗಾದರೂ ಬಂದಾಳೇ? ಅವನಿಗೆ ತಿಳಿಯಬೇಕಾದದ್ದು ಅಷ್ಟೇ.

ಮರುದಿನ ಗಂಡಸರ ಶಾಮಿಯಾನದ ಚಿತ್ರೀಕರಣ. ದಾರಿಹೋಕರು ಕಪ್ಪು ಬಟ್ಟೆ ಓದಿ, ಕ್ಯಾಮೆರಾ ಎಲ್ಲೋ ಮೂಲೆಯಲ್ಲಿದ್ದುದರಿಂದ ಗಮನಿಸದೆ ಒಳಗೆ ಬಂದು ಕೂತರು. ಅಂಗೈ ಬಿಚ್ಚಿ ಪ್ರಾರ್ಥಿಸಿದರು, ಫಾಲಿಹ್‌ನ ಕೈ ಹಿಡಿದು, "ದೇವರು ನಿಮಗೆ ತಾಳ್ಮೆ ಕೊಡಲಿ," ಎಂದು ಹೋದರು. ರುಸುಲ್‌ಗೆ ಹಿಗ್ಗೋ ಹಿಗ್ಗು. "ಇಂಥಾ ನಟರನ್ನ ಎಲ್ಲಿಂದ ತರೋದು ಹೇಳಿ!" ಎಂದು ಪಿಸುಗುಟ್ಟಿದಳು. ಚಿತ್ರೀಕರಣ ಮುಗಿದ ಮೇಲೆ ಅವರವರನ್ನು ಹಿಡಿದು ಒಪ್ಪಿಗೆ ಕೇಳಿದಾಗ ಕೆಲವರು ನಕ್ಕರು, ಕೆಲವರು ಬೈದರು.

ಫಾಲಿಹ್‌ನನ್ನು ನಿಜವಾಗಿ ಬಲ್ಲವರು ಬಂದದ್ದು ಇಬ್ಬರು. ಮೊದಲನೆಯವನು ಕರ್ರಾದಾದ ಮೂಲೆಯಲ್ಲಿ ಖರ್ಜೂರದ ಪಾಕದಲ್ಲಿ ಟರ್ನಿಪ್ ಬೇಯಿಸಿ ಮಾರುವ ಮುದುಕ. ಯಾರೋ ಬಟ್ಟೆಯ ಫೋಟೊ ಫೇಸ್‌ಬುಕ್ಕಿಗೆ ಹಾಕಿದ್ದರಂತೆ. ಬಾಗಿಲಲ್ಲಿ ನಿಂತ ಫಾಲಿಹ್‌ನನ್ನು ನೋಡಿ ಹೌಹಾರಿ, ಆಮೇಲೆ ಬೆನ್ನಿಗೆ ಗುದ್ದಿದ.

"ಥೂ ನಿನ್ನ! ಗಿರಾಕಿ ಬಿಟ್ಟು ಓಡಿಬಂದೆನಲ್ಲೋ!"

"ಕಾಫಿ ಕುಡಿ, ನನ್ನ ಆತ್ಮಕ್ಕೆ ಶಾಂತಿ ಸಿಗುತ್ತೆ."

ಎರಡನೆಯವನು ಫಾಲಿಹ್‌ನ ಬಾಡಿಗೆ ಕೋಣೆಯ ಮಾಲೀಕ. ಅವನು ಬಾಗಿಲಲ್ಲಿ ನಿಂತವನ ಮುಖವನ್ನೂ ನೋಡದೆ ಒಳಗೆ ಬಂದು ಪ್ರಾರ್ಥನೆ ಮುಗಿಸಿ, ತಲೆ ತಗ್ಗಿಸಿಕೊಂಡೇ ಕರ್ರಾರ್‌ನ ಪಕ್ಕ ಕೂತು, ಸತ್ತವನ ಸಾಮಾನು ಯಾರು ಎತ್ತುತ್ತಾರೆ, ಕೋಣೆ ಎಂದಿಗೆ ಖಾಲಿಯಾಗಬಹುದು ಎಂದು ಮೆತ್ತಗೆ ವಿಚಾರಿಸಿದ. ಕರ್ರಾರ್ ಬಾಗಿಲ ಕಡೆ ಕೈ ತೋರಿಸಿ, "ಸತ್ತವನನ್ನೇ ಕೇಳಿ," ಎಂದ. ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಫಾಲಿಹ್ ಎಲ್ಲರಿಗಿಂತ ಜೋರಾಗಿ ನಕ್ಕ. ಸಂಜೆ ಬಸ್ಸಿನಲ್ಲಿ ಕೂತಾಗ ಇಡೀ ಜೀವಮಾನಕ್ಕೆ ಬಂದ ಸಾಂತ್ವನ ಒಬ್ಬ ಟರ್ನಿಪ್ಪಿನವನು, ಒಬ್ಬ ಕೋಣೆಯ ಮಾಲೀಕ ಎಂದು ನೆನೆದು ಕಿಟಕಿಯ ಕಡೆ ಮುಖ ತಿರುಗಿಸಿದ. ತಂಗಿಯ ಮನೆಯಿಂದ ಅವಳ ಗಂಡುಮಕ್ಕಳಲ್ಲಿ ಒಬ್ಬನೂ ಬಂದಿರಲಿಲ್ಲ.

ಮಾರನೆಯ ದಿನ ಹೆಂಗಸರ ದೃಶ್ಯ. ಶೋಕದ ಮನೆಯಲ್ಲಿ ಹೆಂಗಸರು ಕೂರುವುದು ಒಳಗೆ. ಓಣಿಯ ಹೆಂಗಸರು ಪಾತ್ರಕ್ಕೆ ಒಪ್ಪಿದ್ದೇ ಎರಡು ಷರತ್ತಿನ ಮೇಲೆ: ಕೋಣೆಯಲ್ಲಿ ಒಬ್ಬ ಗಂಡಸೂ ಇರಕೂಡದು, ತಮ್ಮ ಬೆನ್ನು ಬಿಟ್ಟು ಮುಖ ತೋರಿಸಕೂಡದು. ಆದ್ದರಿಂದ ರುಸುಲ್ ತಾನೇ ಕ್ಯಾಮೆರಾ ಹೆಗಲಿಗೇರಿಸಿ ಕಪ್ಪು ಪರದೆಯ ಮರೆಯಲ್ಲಿ ನಿಂತಳು. ಶೋಕಗೀತೆ ಹಾಡಲು ಬಸ್ರಾದಿಂದ ಒಬ್ಬ ನಟಿ ಬಂದಿದ್ದಳು. ಮುಖ ಕಾಣುವುದು ಅವಳದೊಂದೇ. ಸೈಫ್ ಅಂಗಳದ ಬೇವಿನ ಮರದ ಕೆಳಗೆ ಯಂತ್ರ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತ. ಫಾಲಿಹ್‌ಗೆ ಅಂದು ಕೆಲಸವಿರಲಿಲ್ಲ. ಆದರೂ ಬಂದಿದ್ದ. ಮುಂದಿನ ದೃಶ್ಯಕ್ಕೆ ಒಪ್ಪುತ್ತದೋ ನೋಡೋಣ ಎಂದು ಬಣ್ಣ ಹಚ್ಚುವ ಹುಡುಗಿ ಅವನ ಕೆನ್ನೆಗೆ ಬೂದಿ ಬಣ್ಣ ಬಳಿದಿದ್ದಳು.

ಒಳಗೆ ನಟಿಯ ಹಾಡು ಏರುತ್ತಿತ್ತು. ಸ್ವಲ್ಪ ಹೊತ್ತಿಗೆ ಸೈಫ್ ಹುಬ್ಬು ಗಂಟಿಕ್ಕಿದ. ಆಮೇಲೆ ಬಾಯಿ ತೆರೆದ.

"ಅಬೂ ಗಾಯಿಬ್, ರುಸುಲ್ ಈ ಹೆಂಗಸನ್ನ ಎಲ್ಲಿಂದ ಹಿಡ್ಕೊಂಡು ಬಂದ್ಲು? ಅಡಿಗೆಮನೆ ಬಾಗಿಲಿಂದ ಒಬ್ರು ಒಳಗೆ ಹೋದ್ರಲ್ಲ, ಅವರೇ ಇರ್ಬೇಕು. ಬಸ್ರಾದವಳು ಬಾಯಿ ಮುಚ್ಕೊಂಡು ಕೂತಿದ್ದಾಳೆ. ಕೇಳಿ ಒಂಚೂರು."

ಫಾಲಿಹ್ ಹೆಡ್‌ಫೋನ್ ಕಿವಿಗೆ ಇಟ್ಟುಕೊಂಡ.

"...ನಿನ್ನ ಹೆಸರನ್ನ ಗೋಡೆ ಮೇಲೆ ಓದ್ಬೇಕಾಯ್ತಲ್ಲೋ ಫಾಲಿಹ್! ತರಕಾರಿ ಚೀಲ ಅಲ್ಲೇ ಬಿದ್ದೋಯ್ತು. ನಿನ್ನೆ ಇಡೀ ದಿನ ಅಂದ್ಕೊಂಡೆ, ಹೋಗಲ್ಲ, ಹೋಗಲ್ಲ, ಅಮ್ಮನ ಬಾಗಿಲಲ್ಲಿ ನಿಲ್ಲದವನ ಬಾಗಿಲಿಗೆ ನಾನ್ಯಾಕೆ ಹೋಗ್ಲಿ ಅಂತ. ಕಾಲು ಕೇಳ್ಲಿಲ್ಲ. ಬಂದೆ ನೋಡು. ನಿನಗಾಗಿ ಯಾರು ನಿಂತಿದ್ದಾರೋ ಹೊರಗೆ? ಯಾರಿದ್ರು ನಿನಗೆ? ಕೊನೆಗೆ ನೀರು ಕೊಟ್ಟೋರು ಯಾರೋ? ಟಿವೀಲಿ ನೀನು ಬಂದಾಗೆಲ್ಲ ಮಕ್ಕಳಿಗೆ ಗೊತ್ತಾಗದ ಹಾಗೆ ಸದ್ದು ತಗ್ಗಿಸಿ ನೋಡ್ತಿದ್ದೆ. ಒಂದ್ಸಲ ಪೊಲೀಸ್ನೋರು ನಿನ್ನ ಹೊಡೆಯೋದು ಬಂತು, ಎದ್ದು ಆರಿಸಿಬಿಟ್ಟೆ. ಸುಳ್ಳು ಅಂತ ಗೊತ್ತಿದ್ರೂ ಆರಿಸಿಬಿಟ್ಟೆ..."

ಹೋಗಿ ನಿಲ್ಲಿಸಬೇಕಾಗಿತ್ತು. ಅವನು ಹೋಗಲಿಲ್ಲ. ಇನ್ನೊಂದು ಮಾತು ಕೇಳಿ ಹೋಗುತ್ತೇನೆ, ಇನ್ನೊಂದು ಮಾತು, ಎಂದು ಬೇವಿನ ಕಾಂಡಕ್ಕೆ ಒರಗಿ ನಿಂತೇ ಇದ್ದ. ಅವಳು ಅವನನ್ನು ಬೈದಳು, ಚಿಕ್ಕಂದಿನ ಅಡ್ಡಹೆಸರಿನಿಂದ ಕರೆದಳು, ಇಬ್ಬರೂ ಗೋಡೆ ಹಾರಿ ಪಕ್ಕದ ಮನೆಯ ದಾಳಿಂಬೆ ಕದ್ದಾಗ ಪೆಟ್ಟು ಅವನೊಬ್ಬನೇ ತಿಂದದ್ದನ್ನು ಹೇಳಿ ಅತ್ತಳು. ಹೋಗು, ಎಲ್ಲಾ ಮರೆತೆ, ಭಾರ ಇಟ್ಟುಕೊಂಡು ಹೋಗಬೇಡ ಎಂದಳು. ಆಮೇಲೆ ಎದೆ ಬಡಿದುಕೊಳ್ಳುವ ಸದ್ದು ಶುರುವಾಯಿತು. ಉಳಿದ ಹೆಂಗಸರೂ ದನಿಗೂಡಿಸಿದರು. ಬಡಿತ ನಿಲ್ಲುವ ಲಕ್ಷಣವಿರಲಿಲ್ಲ. ಅವಳಿಗೆ ಹೃದಯದ ತೊಂದರೆ ಇದ್ದದ್ದು ನೆನಪಾಗಿ ಫಾಲಿಹ್ ಹೆಡ್‌ಫೋನ್ ಕಿತ್ತೆಸೆದು ಒಳಗೆ ನುಗ್ಗಿದ.

"ಸಬ್ರಿಯ್ಯಾ! ಸಾಕು ಕಣೇ, ಸಾಕು!"

ಹೆಂಗಸರು ಕಿರುಚಿ ಮುಸುಕು ಎಳೆದುಕೊಂಡರು. ಸಬ್ರಿಯ್ಯಾ ಕೂತಲ್ಲಿಂದಲೇ ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಗೋಡೆ ಹಿಡಿದು ಎದ್ದು, ಹತ್ತಿರ ಬಂದು, ಅವನ ಕೆನ್ನೆ ಮುಟ್ಟಿದಳು. ಬೆರಳಿಗೆ ಬೂದಿ ಬಣ್ಣ ಹತ್ತಿತು. ಬೆರಳನ್ನು ನೋಡಿದಳು. ನೆಲದ ಮೇಲಿನ ತಂತಿಯನ್ನು ನೋಡಿದಳು. ಅದು ಹೋಗಿ ಸೇರಿದ ಪರದೆಯನ್ನು, ಪರದೆಯ ಸಂದಿಯಲ್ಲಿ ಹೊಳೆಯುವ ಗಾಜನ್ನು ನೋಡಿದಳು.

"ವೇಷ," ಎಂದಳು. "ಇದೂ ವೇಷಾನೇ."

"ನೀನು ಬರ್ತೀಯೋ ಇಲ್ವೋ ಅಂತ..." ಎಂದು ಫಾಲಿಹ್ ತೊದಲಿದ.

"ಬಂದೆನಲ್ಲ. ನೋಡಿದೆಯಲ್ಲ. ಹೊಟ್ಟೆ ತುಂಬ್ತಾ?" ಅವಳ ದನಿ ಏರಲಿಲ್ಲ. "ಸತ್ತ ಫಾಲಿಹ್‌ನ ನಾನು ಕ್ಷಮಿಸಿ ಆಯ್ತು. ದೇವರ ಮುಂದೆ ಹೇಳಿದ ಮಾತು, ವಾಪಸ್ ತಗೊಳ್ಳಲ್ಲ. ಬದುಕಿರೋ ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ." ಬಾಗಿಲ ತನಕ ಹೋದವಳು ರುಸುಲ್ ಕಡೆ ತಿರುಗಿದಳು. "ಮಗಳೇ, ನನ್ನ ಮುಖ ಆ ಪೆಟ್ಟಿಗೆ ಒಳಗೆ ಹೋಯ್ತಾ?"

ರುಸುಲ್ ತಲೆ ತಗ್ಗಿಸಿದಳು.

"ಹಾಲು ತರೋಕೆ ಹೋಗ್ತೀನಿ ಅಂತ ನನ್ನ ಗಂಡುಮಕ್ಕಳಿಗೆ ಹೇಳಿ ಬಂದಿದ್ದೀನಿ," ಎಂದಷ್ಟೇ ಹೇಳಿ ಅಡಿಗೆಮನೆ ಬಾಗಿಲಿನಿಂದ ಹೊರಟುಹೋದಳು.

ಓಣಿಯ ಹೆಂಗಸರೂ ಗೊಣಗುತ್ತ ಎದ್ದರು. ಕೋಣೆ ಖಾಲಿಯಾದ ಮೇಲೆ ರುಸುಲ್ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಚಾಪೆಯ ಮೇಲೆ ಕುಸಿದಳು.

"ಚಿಕ್ಕಪ್ಪ, ಆಣೆ ಮಾಡಿ ಹೇಳ್ತೀನಿ, ಮೊದಲು ನಟಿ ಅಂತಲೇ ಅಂದ್ಕೊಂಡೆ. ಆಮೇಲೆ ಅಲ್ಲ ಅಂತ ಗೊತ್ತಾಯ್ತು. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ."

"ನಾನೂ ನಿಲ್ಲಿಸಲಿಲ್ಲ. ಈಗ ಅಳಿಸು."

"ತಂಗೀನ ಒಪ್ಪಿಸಿ ಚಿಕ್ಕಪ್ಪ. ಕೈ ಮುಗಿದು ಕೇಳ್ತೀನಿ. ಇಂಥಾದ್ದು ಯಾರ ಚಿತ್ರದಲ್ಲೂ ಇಲ್ಲ. ಕೊಲ್ಲಿ ದೇಶದ ಚಿತ್ರೋತ್ಸವದೋರು ಈ ತಿಂಗಳೇ ನೋಡ್ತಾರೆ. ಅವರು ಕೈ ಹಿಡಿದ್ರೆ ಈ ಚಿತ್ರ ಮುಗಿಯುತ್ತೆ. ಬಾಡಿಗೆಗೆ ತಂದಿರೋ ಈ ಕ್ಯಾಮೆರಾ ನಮ್ಮದೇ ಆಗುತ್ತೆ, ಅದರಲ್ಲಿ ಇನ್ನಿಬ್ಬರು ಹುಡುಗರು ಚಿತ್ರ ಮಾಡ್ತಾರೆ. ನಮಗೇನಿದೆ ಹೇಳಿ? ಸ್ಟುಡಿಯೊ ಇದೆಯಾ? ದುಡ್ಡು ಹಾಕೋರು ಇದ್ದಾರಾ? ಒಂದು ಒಳ್ಳೇ ದೃಶ್ಯ ಹಿಡ್ಕೊಂಡು ಉತ್ಸವದಿಂದ ಉತ್ಸವಕ್ಕೆ ಅಲೀಬೇಕು. ಸರಿ, ಮುಖ ಬೇಡ. ದನಿ ಒಂದೇ ಇಟ್ಕೋತೀನಿ. ಖಾಲಿ ಕುರ್ಚಿ ಮೇಲೆ ಆ ದನಿ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಫಾಲಿಹ್‌ಗೂ ಅದು ಗೊತ್ತಿತ್ತು. ದನಿ ಒಂದೇ ಎಂದಾಗ ಅವನ ಮನಸ್ಸು ಜಾರಿತು ಕೂಡ. ಕತ್ತಲ ಸಭಾಂಗಣದಲ್ಲಿ ಕೂತು ಮತ್ತೊಮ್ಮೆ, ಬೇಕೆಂದಾಗಲೆಲ್ಲ ಮತ್ತೊಮ್ಮೆ ಆ ದನಿ ಕೇಳಬಹುದು. ಅವನಿಗಾಗಿ ಲೋಕದಲ್ಲಿ ಒಬ್ಬರು ಅತ್ತದ್ದಕ್ಕೆ ಬೇರೆ ಗುರುತಿರಲಿಲ್ಲ.

"ಅವಳ ಮಕ್ಕಳಿಗೆ ತಾಯಿ ದನಿ ಗೊತ್ತಾಗಲ್ವೇನಮ್ಮಾ?" ಎಂದ. "ಗೊತ್ತಾಗದಿದ್ರೂ ಬೇಡ. ಅವಳನ್ನ ಮೋಸ ಮಾಡಿ ಕರೆಸಿದ ಕಳ್ಳ ನಾನು. ಎರಡನೇ ಕಳ್ಳಿ ನೀನಾಗ್ಬೇಡ."

ರುಸುಲ್ ಕ್ಯಾಮೆರಾವನ್ನು ಅವನ ಕಡೆ ತಿರುಗಿಸಿದಳು. "ಅಳಿಸೋಕೆ ಮೊದಲು ಒಂದೇ ಒಂದ್ಸಲ ನೋಡ್ತೀರಾ?"

"ಬೇಡ. ನೋಡಿದ್ರೆ ಅಳಿಸೋಕೆ ಬಿಡಲ್ಲ."

ಅವಳು ಅವನ ಎದುರಿಗೇ ಅಳಿಸಿದಳು. ಅಂಗಳದಲ್ಲಿ ಸೈಫ್ ಧ್ವನಿಯನ್ನೂ ಅಳಿಸಿದ. ಕರ್ರಾರ್ ಯಾರೂ ಹೇಳದೆಯೇ ಏಣಿ ಹತ್ತಿ ಕಪ್ಪು ಬಟ್ಟೆ ಬಿಚ್ಚಿದ. ಆ ಮಧ್ಯಾಹ್ನ ಯಾರೂ ತಮಾಷೆ ಮಾಡಲಿಲ್ಲ. ಫಾಲಿಹ್‌ನ ಪಕ್ಕ ಕೂತು ಊಟವನ್ನೂ ಮಾಡಲಿಲ್ಲ. ರುಸುಲ್ ಬೇರೊಂದು ಓಣಿಯ ಹೆಂಗಸರನ್ನು ಕೂರಿಸಿ, ಬಸ್ರಾದ ನಟಿಯನ್ನೇ ಹಾಡಿಸಿ ದೃಶ್ಯ ಮುಗಿಸಿದಳೆಂದು ಆಮೇಲೆ ಅವನ ಕಿವಿಗೆ ಬಿತ್ತು. ಅವನನ್ನು ಕರೆದಿರಲಿಲ್ಲ.

ಶರತ್ಕಾಲಕ್ಕೆ ಟೈಗ್ರಿಸ್ ದಂಡೆಯ ಸಭಾಂಗಣದಲ್ಲಿ ಚಿತ್ರೋತ್ಸವ ನಡೆಯಿತು. ಕೈರೊ, ಟ್ಯುನಿಸ್, ಅಮ್ಮಾನ್‌ನಿಂದ ಜನ ಬಂದಿದ್ದರು. ಫಾಲಿಹ್ ಕೋಟು ಇಸ್ತ್ರಿ ಮಾಡಿಸಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಹೆಂಗಸರ ದೃಶ್ಯ ಬಂತು. ಬಸ್ರಾದ ನಟಿ ಚೆನ್ನಾಗಿಯೇ ಹಾಡಿದಳು, ಚೆನ್ನಾಗಿಯೇ ಅತ್ತಳು. ಅವನ ಮುಂದೆ ಕೂತವನೊಬ್ಬ ಆ ಹೊತ್ತಿಗೆ ಸರಿಯಾಗಿ ಫೋನು ತೆಗೆದು ನೋಡಿಕೊಂಡ. ಕೊನೆಯಲ್ಲಿ ಜನ ಮರ್ಯಾದೆಗೆ ಕಮ್ಮಿಯಾಗದಷ್ಟು ಚಪ್ಪಾಳೆ ತಟ್ಟಿದರು.

ಹೊರಗಿನ ಮೊಗಸಾಲೆಯಲ್ಲಿ ರುಸುಲ್ ಅವನನ್ನು ಕಂಡು ಗುಂಪು ಬಿಟ್ಟು ಬಂದಳು. "ಕೊಲ್ಲಿಯೋರು ಬೇರೆ ಚಿತ್ರ ಆರಿಸ್ಕೊಂಡ್ರು. ನಿಮ್ಮದು ಚೆನ್ನಾಗಿದೆ, ಹೆಂಗಸರ ದೃಶ್ಯ ಮಾತ್ರ ತೆಳು ಅಂದ್ರು."

"ಹೌದಮ್ಮಾ. ತೆಳುವೇ."

"ನಿಮ್ಮ ಮೇಲೆ ತುಂಬಾ ದಿನ ಸಿಟ್ಟಿತ್ತು ನನಗೆ. ಈಗಲೂ ಸ್ವಲ್ಪ ಇದೆ." ಅವಳು ಮುಂಗೈಯಿಂದ ಮೂಗು ಒರೆಸಿಕೊಂಡಳು. "ಬಾಡಿಗೆ ಕ್ಯಾಮೆರಾದಲ್ಲೇ ಇನ್ನೊಂದು ಶುರು ಮಾಡ್ತೀವಿ. ಬರ್ತೀರಾ?"

"ಸಾಯೋ ಪಾತ್ರ ಇಲ್ದಿದ್ರೆ ಬರ್ತೀನಿ."

ಅವಳನ್ನು ಯಾರೋ ಫೋಟೊಕ್ಕೆ ಕರೆದರು. ಹೋದಳು. ಫಾಲಿಹ್ ಮೆಟ್ಟಿಲಿಳಿದು ನದಿಯ ಕಡೆ ನಡೆದ. ಇನ್ನೂ ಬೆಳಕಿತ್ತು. ದಂಡೆಯ ಬೆಂಚಿನ ಮೇಲೆ ಕೂತು ಫೋನು ತೆಗೆದು ತಂಗಿಯ ನಂಬರು ಒತ್ತಿದ. ಅದು ಹೊಡೆದುಕೊಳ್ಳುತ್ತಲೇ ಇತ್ತು. ನಿಲ್ಲಿಸಬೇಕು ಎನ್ನುವಾಗ ಆ ಕಡೆ ಉಸಿರು ಕೇಳಿಸಿತು.

"ನಾನು, ಫಾಲಿಹ್," ಎಂದ. "ಇವತ್ತು ಚಿತ್ರ ತೋರಿಸಿದ್ರು. ನೀನು ಅದರಲ್ಲಿ ಇಲ್ಲ. ಮುಖಾನೂ ಇಲ್ಲ, ದನೀನೂ ಇಲ್ಲ. ಹೇಳೋಣ ಅಂತ ಮಾಡ್ದೆ."

ಎಲ್ಲೋ ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು. ಅವಳು ಉರಿ ಸಣ್ಣ ಮಾಡಿದ್ದು ಕೇಳಿಸಿತು.

"ಇನ್ನು ಫೋನ್ ಮಾಡ್ಬೇಡ," ಎಂದಳು ಸಬ್ರಿಯ್ಯಾ. "ನನಗೆ ಆಗಲ್ಲ. ನಿನ್ನ ಜೊತೆ ಏನು ಮಾತಾಡ್ಬೇಕೋ ನನಗೆ ತಿಳಿಯಲ್ಲ."

"ಸರಿ."

"ನಿಜವಾಗಿ ಸಾವು ಬಂದಾಗ ಯಾರ ಹತ್ರಾನಾದ್ರೂ ಹೇಳಿ ಕಳಿಸು. ಬರ್ತೀನಿ." ಸೌಟು ಕೆಳಗಿಟ್ಟ ಸದ್ದಾಯಿತು. "ದೊಡ್ಡ ಮಗನ್ನ ಕಳಿಸ್ತೀನಿ. ಬಾಗಿಲಲ್ಲಿ ಅವನು ನಿಲ್ತಾನೆ. ನಾನು ಹೇಳ್ತೀನಿ ಅವನಿಗೆ."

ಫೋನು ಕಡಿಯಿತು.

ಫಾಲಿಹ್ ಅದನ್ನು ಕೋಟಿನ ಒಳಜೇಬಿಗೆ ಇಟ್ಟುಕೊಂಡ. ಸಭಾಂಗಣದ ಮೆಟ್ಟಿಲ ಮೇಲೆ ರುಸುಲ್‌ಳ ತಂಡ ಫೋಟೊಕ್ಕೆ ನಿಂತು ಗದ್ದಲ ಮಾಡುತ್ತಿತ್ತು. ಯಾರೋ ಅಬೂ ಗಾಯಿಬ್ ಎಲ್ಲಿ ಎಂದು ಕೂಗಿದಂತೆಯೂ ಆಯಿತು. ಅವನು ಏಳಲಿಲ್ಲ. ಸಬ್ರಿಯ್ಯಾಳ ದೊಡ್ಡ ಮಗನನ್ನು ಅವನು ಕೊನೆಯ ಸಲ ನೋಡಿದಾಗ ಹುಡುಗ ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ. ಈಗ ಮೀಸೆ ಬಂದಿರಬೇಕು. ಎತ್ತರವೋ ಗಿಡ್ಡವೋ, ಯಾರ ಹೋಲಿಕೆಯೋ. ಬಾಗಿಲಲ್ಲಿ ನಿಲ್ಲುವವನ ಮುಖ ಹೇಗಿದ್ದೀತೆಂದು ಊಹಿಸಲು ನೋಡುತ್ತ ಫಾಲಿಹ್ ಒಬ್ಬನೇ ಅಲ್ಲಿ ಕೂತಿದ್ದ.